ಹವಳಕ್ಕೆ ಎಷ್ಟು ಸುಣ್ಣ?

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವನಿಗೆ ನಿವೃತ್ತಿಯ ನಂತರವೂ ಬಿಡುಗಡೆಯಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಒಂದು ರಾತ್ರಿ ನ್ಯೂಜೆರ್ಸಿಯಿಂದ ತಂಗಿಯ ಮಗನ ಫೋನು. "ಮಾವ, ಟ್ಯಾಂಕಿನ ನೀರೆಲ್ಲ ಹಾಲಿನ ಹಾಗಾಗಿದೆ. ಏನು ಮಾಡಲಿ?" ಹುಡುಗನಿಗೆ ಹದಿನೈದು ವರ್ಷ. ಬೇಸಿಗೆ ರಜೆಯಲ್ಲಿ ಅಕ್ಕಪಕ್ಕದ ಮನೆಗಳ ಹುಲ್ಲು ಕತ್ತರಿಸಿ ಕೂಡಿಟ್ಟ ಹಣದಲ್ಲಿ 75 ಲೀಟರಿನ ಗಾಜಿನ ತೊಟ್ಟಿ, ದೀಪ, ಸಮುದ್ರದ ಉಪ್ಪು ಎಲ್ಲ ಕೊಂಡು ಹವಳ ಸಾಕುತ್ತಿದ್ದ. ತೊಗಲಿನಂಥ ಮೆತ್ತನೆಯ ಹವಳ ಒಂದು, ಅಣಬೆಯಾಕಾರದವು ನಾಲ್ಕಾರು, ಜೊತೆಗೆ ಬೆರಳ ತುದಿಯಷ್ಟು ಕಲ್ಲುಹವಳದ ಒಂದು ಚೂರು.

ಅಂಗಡಿಯವನು ಕ್ಯಾಲ್ಸಿಯಂ ಬಾಟಲಿಯೊಂದನ್ನು ಕೊಟ್ಟು 'ಹವಳಕ್ಕೆ ಮೂಳೆ ಬೆಳೆಯಬೇಡವೇ?' ಎಂದನಂತೆ. ನ್ಯಾಯವಾದ ಮಾತೇ. ಹುಡುಗ ದಿನಕ್ಕೊಂದು ಮುಚ್ಚಳ ಹಾಕುತ್ತ ಬಂದ. ಎರಡು ವಾರದ ಮೇಲೆ ಯಾರೋ ಗೆಳೆಯ 'ಕ್ಷಾರತೆಯೂ ಬೇಕು' ಎಂದದ್ದಕ್ಕೆ ಇನ್ನೊಂದು ಬಾಟಲಿ ತಂದು ಅದನ್ನೂ ಅದೇ ಮೂಲೆಗೆ ಸುರಿದ. ಮೊದಲನೆಯದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಎರಡನೆಯದರಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ನಮ್ಮ ವಾಷಿಂಗ್ ಸೋಡಾ. ಇವೆರಡೂ ಸಂಧಿಸಿದರೆ ಸೀಮೆಸುಣ್ಣದ ಪುಡಿಯಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರುತ್ತದೆಂದು ಹೈಸ್ಕೂಲಿನ ವಿದ್ಯಾರ್ಥಿಗಳಿಗೂ ಗೊತ್ತು. ಹವಳ ತನ್ನ ಮೈಯೊಳಗೆ ನಿಧಾನವಾಗಿ ಕಟ್ಟಬೇಕಾದ ಕಲ್ಲು ನೀರಿನಲ್ಲೇ ಕಟ್ಟಿತು, ಹೀಟರಿನ ಮೇಲೆ ಬಿಳಿ ಹೊಪ್ಪಳೆಯಾಗಿ ಕೂತಿತು.

ಹಾಗಾದರೆ ಕ್ಯಾಲ್ಸಿಯಂ ಹಾಕಬೇಕೋ ಬೇಡವೋ? ಹೊಸಬರು ಬೇಡ ಎನ್ನುವುದೇ ನನ್ನ ಉತ್ತರ. ಅದಕ್ಕೆ ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಪೆನ್ಸಿಲ್ ಹಿಡಿದು ಕೂಡಿ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕ್ಷಾರತೆ ಎಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಕಡಲ ನೀರಿನಲ್ಲಿ ಅದು ಬಹುಪಾಲು ಬೈಕಾರ್ಬೊನೇಟಿನಿಂದ ಬರುತ್ತದೆ. ಪರೀಕ್ಷೆಯ ಕಿಟ್ಟುಗಳು ಅದನ್ನು ಡಿಕೆಎಚ್ ಎಂಬ ಜರ್ಮನ್ ಅಳತೆಯಲ್ಲಿ ತೋರಿಸುತ್ತವೆ. ಸಮುದ್ರದಲ್ಲಿ ಸುಮಾರು 7, ತೊಟ್ಟಿಗಳಲ್ಲಿ 8ರ ಆಸುಪಾಸು. ಹವಳಕ್ಕೆ ಕಲ್ಲು ಕಟ್ಟಲು ಇವೆರಡೂ ಬೇಕು. ಲೀಟರಿಗೆ 50 ಮಿಲಿಗ್ರಾಂ ಕಲ್ಲು ಕಟ್ಟಿತೆನ್ನಿ. ಅದರಲ್ಲಿ ಕ್ಯಾಲ್ಸಿಯಂ 20 ಮಿಲಿಗ್ರಾಂ, ಉಳಿದ 30 ಕಾರ್ಬೊನೇಟ್. ನೀರಿನ ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿಯಿತು. ಇಷ್ಟು ಇಳಿದರೆ ಹವಳಕ್ಕೆ ಗೊತ್ತೇ ಆಗುವುದಿಲ್ಲ. ಕ್ಷಾರತೆಯೋ, ಅಷ್ಟರಲ್ಲೇ 2.8 ಡಿಗ್ರಿ ಕುಸಿದು 8 ಇದ್ದದ್ದು 5.2ಕ್ಕೆ ಬಂದಿರುತ್ತದೆ! ಒಂದು ಕಣಜದಲ್ಲಿ ನೂರು ಮೂಟೆ ಇದ್ದು ಐದು ಖರ್ಚಾದರೆ ಇನ್ನೊಂದರಲ್ಲಿ ಮೂರನೆಯ ಒಂದು ಪಾಲು ಖಾಲಿ. ಮೊದಲು ಬರಿದಾಗುವುದನ್ನು ಬಿಟ್ಟು ತುಂಬಿದ ಕಣಜಕ್ಕೇ ಹುಡುಗ ದಿನವೂ ಸುರಿಯುತ್ತಿದ್ದ. ಫೋನಿನಲ್ಲೇ ಅಳತೆ ಮಾಡಿಸಿದೆ: ಕ್ಯಾಲ್ಸಿಯಂ 560, ಕ್ಷಾರತೆ 5.

ಮತ್ತೊಂದು ಸಂಗತಿ. ಮೆತ್ತನೆಯ ಹವಳಗಳಿಗೆ ಬೇಕಾದ ಸುಣ್ಣ ಬಹಳ ಕಡಿಮೆ. ಅವು ವಾರಕ್ಕೆ ಲೀಟರಿಗೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಬಳಸುತ್ತವೆ ಎಂದಿಟ್ಟುಕೊಳ್ಳಿ. ವಾರವಾರವೂ ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸ ಉಪ್ಪುನೀರು ತುಂಬಿದರೆ ಕೊರತೆಯ ಹತ್ತನೆಯ ಒಂದು ಪಾಲು ಪ್ರತಿಸಲ ಭರ್ತಿಯಾಗುತ್ತ ಹೋಗಿ, ಕೊನೆಗೆ 10 ಮಿಲಿಗ್ರಾಮಿನ ಹತ್ತಿರ ನಿಲ್ಲುತ್ತದೆ. ಸಾಮಾನ್ಯ ಕಿಟ್ಟಿಗೆ ಆ ವ್ಯತ್ಯಾಸ ಕಾಣಿಸುವುದೂ ಅನುಮಾನ. ಆದರೆ ಕಲ್ಲುಹವಳಗಳು ತುಂಬಿ ವಾರಕ್ಕೆ 10 ಮಿಲಿಗ್ರಾಂ ಎಳೆಯತೊಡಗಿದರೆ ಈ ಲೆಕ್ಕ ಹಿಡಿಯುವುದಿಲ್ಲ, ಆಗ ಬಾಟಲಿಗೂ ಕಾಲ ಬರುತ್ತದೆ.

ಕಿಟ್ಟು ಕ್ಯಾಲ್ಸಿಯಂ ಕಡಿಮೆ ತೋರಿಸಿದರೂ ಗಾಬರಿ ಬೇಡ, ಮೊದಲು ಉಪ್ಪಿನಂಶ ನೋಡಿ. ಸಾವಿರಕ್ಕೆ 35 ಭಾಗ ಇರಬೇಕಾದ ಉಪ್ಪು 30 ಇದ್ದರೆ 420ರ ಕ್ಯಾಲ್ಸಿಯಂ ತಾನಾಗಿಯೇ 360 ಆಗಿರುತ್ತದೆ. ಅಲ್ಲಿ ಕೊರತೆ ಉಪ್ಪಿನದು. ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಇರುವ ಮೆಗ್ನೀಸಿಯಂ ಕಡಿಮೆಯಾದರೂ ಸುಣ್ಣ ಬೇಗ ಉದುರುತ್ತದೆ.

ಈ ಪಾಠವೆಲ್ಲ ನಡೆಯುತ್ತಿದ್ದಾಗ ತಂಗಿ ಫೋನು ಕಸಿದುಕೊಂಡು, "ಅಣ್ಣಾ, ಅಷ್ಟಕ್ಕೆ ಇಷ್ಟು ದುಡ್ಡು ಸುರಿಯಬೇಕೇ? ಅಮ್ಮನ ಎಲೆಡಬ್ಬಿಯ ಸುಣ್ಣ ಕದಡಿ ಹಾಕಿದ್ದರೆ ಆಗುತ್ತಿರಲಿಲ್ಲವೇ?" ಎಂದಳು. ನಗು ಬಂತು. ಆದರೆ ಅವಳು ಹೇಳಿದ್ದು ಬಹುತೇಕ ಸರಿ! ಹವ್ಯಾಸಿಗಳು ಜರ್ಮನ್ ಹೆಸರಿನಿಂದಲೇ 'ಕಾಲ್ಕ್‌ವಾಸರ್' ಎಂದು ಕರೆಯುವ ಪದಾರ್ಥ ಸುಣ್ಣದ ತಿಳಿನೀರಲ್ಲದೆ ಬೇರೆಯಲ್ಲ. ಕೊಳವೆಯಲ್ಲಿ ಉಸಿರೂದಿ ಅದನ್ನು ಹಾಲಾಗಿಸುವ ಪ್ರಯೋಗ ನೀವೂ ಮಾಡಿರುತ್ತೀರಿ. ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುವುದರಿಂದ ಕ್ಯಾಲ್ಸಿಯಂ, ಕ್ಷಾರತೆ ಎರಡೂ ಹವಳಕ್ಕೆ ಬೇಕಾದ ಪ್ರಮಾಣದಲ್ಲೇ ಒಟ್ಟಿಗೆ ದೊರೆಯುತ್ತವೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣವೂ ಹವಳದ ಕಲ್ಲೂ ಮೂಲದಲ್ಲಿ ಒಂದೇ ಸರಕು ತಾನೇ? ಆದರೆ ಎಲೆಡಬ್ಬಿಯದು ಬೇಡ, ಅದರಲ್ಲಿ ಏನೇನು ಬೆರೆತಿದೆಯೋ! ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಆದರೂ ಅದರ ತಿಳಿನೀರಿನ ಪಿಎಚ್ 12ರ ಮೇಲಿರುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ. ಒಮ್ಮೆಲೇ ಸುರಿದರೆ ತೊಟ್ಟಿಯ ಜೀವಗಳಿಗೂ ಗಂಡಾಂತರ. ಆವಿಯಾದ ನೀರಿನ ಬದಲಿಗೆ, ರಾತ್ರಿ ಹೊತ್ತು, ತೊಟ್ಟು ತೊಟ್ಟಾಗಿ ಬಿಡಬೇಕು. ದೊಡ್ಡವರು ಪಕ್ಕದಲ್ಲಿರಬೇಕು.

ಇಲ್ಲಿಯ ತಂದೆತಾಯಂದಿರಿಗೆ ಒಂದು ಮಾತು. ನ್ಯೂಜೆರ್ಸಿಯ ಹುಡುಗ ಅಂಗಡಿಯಲ್ಲಿ ಕಲ್ಲುಹವಳ ಕೊಂಡನೆಂದು ನಿಮ್ಮ ಮಕ್ಕಳೂ ಕೇಳಿಯಾರು. ನಮ್ಮಲ್ಲಿ ಕಲ್ಲುಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಸಮುದ್ರದಿಂದ ಕಿತ್ತು ತರುವುದು, ಮಾರುವುದು ಅಪರಾಧ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಅಲ್ಲೇ ಮುಳುಗಿ ನೋಡಬಹುದು.

ಹುಡುಗನಿಗೆ ಆ ರಾತ್ರಿ ಹೇಳಿದ್ದಿಷ್ಟು: ಎರಡೂ ಬಾಟಲಿ ಮೇಲಿಡು. ಹದವಾಗಿ ಕದಡಿದ ಉಪ್ಪುನೀರಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸು. ಮೆತ್ತನೆಯವು ನಾಲ್ಕನೆಯ ದಿನ ಅರಳಿದವು. ಕಲ್ಲುಹವಳದ ಚೂರಿನ ಮಾಂಸ ಮಾತ್ರ ಕಳಚಿ ಬಿಳಿಯ ಎಲುಬು ಉಳಿಯಿತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ತಂಗಿ ಹೇಳಿದಳು. ನನಗೂ ಬೇಸರವಾಯಿತು.

ಈಗ ಅವನು ಪ್ರತಿ ಭಾನುವಾರ ಕ್ಷಾರತೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಕ್ಯಾಲ್ಸಿಯಂ ತಿಂಗಳಿಗೊಮ್ಮೆ ಸಾಕು ಎಂದಿದ್ದೇನೆ. ಹಿಂದಿನ ಗಾಜಿನ ಮೇಲೆ ಗುಲಾಬಿ ಬಣ್ಣದ ಹೊದಿಕೆ ಹಬ್ಬಿದೆಯಂತೆ. ಅದೂ ಸುಣ್ಣ ತಿನ್ನುವ ಪಾಚಿಯೇ. ಹೋದ ವಾರ ಕ್ಷಾರತೆ 0.2 ಇಳಿದಿತ್ತು. "ಈಗ ಹಾಕಲೇ ಮಾವ?" ಎಂದು ಕೇಳಿದ. ಇನ್ನೂ ನಾಲ್ಕು ಭಾನುವಾರದ ಲೆಕ್ಕ ಕಳಿಸು ಎಂದಿದ್ದೇನೆ.