ಬಲಿದಾನ ಮತ್ತು ವಿಮೋಚನೆ



ಕ್ರೈಸ್ತ ಧರ್ಮದಲ್ಲಿ ಬಲಿದಾನವೆಂದರೆ ದೇವರ ಕೋಪ ತಣಿಸುವ ರಕ್ತವೆಂದು ಹಲವರು ತಿಳಿಯುತ್ತಾರೆ. ನನಗದು ಒಪ್ಪಿಗೆಯಾಗದು. ಶಿಲುಬೆಯಲ್ಲಿ ದೇವರು ಬಲಿಯನ್ನು ಬೇಡುವುದಿಲ್ಲ, ತಾನೇ ಬಲಿಯಾಗುತ್ತಾನೆ.

ಇದರ ಮರ್ಮವನ್ನು ಒಂದು ನಿಜಸಂಗತಿ ತಿಳಿಸುತ್ತದೆ. 1941ರಲ್ಲಿ ಆಶ್ವಿಟ್ಜ್ ಸೆರೆಶಿಬಿರದಿಂದ ಕೈದಿಯೊಬ್ಬನು ತಪ್ಪಿಸಿಕೊಂಡನೆಂದು ನಾತ್ಸಿಗಳು ಹತ್ತು ಮಂದಿಯನ್ನು ಅನ್ನನೀರಿಲ್ಲದೆ ಸಾಯಿಸಲು ಆರಿಸಿದರು. ಅವರಲ್ಲೊಬ್ಬರಾದ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟಾಗ, ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರಿಗೆ ಬದಲಾಗಿ ತಾವೇ ಮುಂದೆ ಬಂದರು. ಆಗಸ್ಟ್ 14ರಂದು ಪ್ರಾಣತೆತ್ತರು.

ಗಯೋವ್ನಿಚೆಕ್ 1995ರವರೆಗೆ ಬದುಕಿ, ಆ ತ್ಯಾಗದ ಕಥೆಯನ್ನು ಹೇಳುತ್ತಲೇ ಇದ್ದರು. ಪಾರಾದೊಡನೆ ವಿಮೋಚನೆ ಮುಗಿಯದು. ಇನ್ನೊಬ್ಬರು ಪ್ರಾಣ ತೆತ್ತು ಕೊಟ್ಟ ಬದುಕನ್ನು ಅದಕ್ಕೆ ತಕ್ಕಂತೆ ಬಾಳಿದಾಗಲೇ ಅದು ಪೂರ್ಣವಾಗುವುದೆಂದು ನಾನು ನಂಬುತ್ತೇನೆ.