ಹಳೆಯ ಹಾಯಿದೋಣಿಗೆ ಧಕ್ಕೆಯೊದಗುವುದು ಧಕ್ಕೆಯಲ್ಲಿಯೇ



ನಾನು ಅಧ್ಯಾಪಕ ವೃತ್ತಿಗೆ ಸೇರಿದ ಮೊದಲ ವರ್ಷ ನನ್ನಿಂದ ಭೌತಶಾಸ್ತ್ರದ ಪಾಠ ಹೇಳಿಸಿಕೊಂಡ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಂಚಿನಲ್ಲಿರುವ ಅಲಮೀಡಾ ಪಟ್ಟಣದಲ್ಲಿ ನೆಲೆಸಿದ್ದಾನೆ. ಅವನಿಗೂ ನನಗೂ ಹತ್ತು ವರ್ಷಗಳ ಅಂತರವೂ ಇಲ್ಲ. ಅವನೂ ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ. ಇತ್ತೀಚೆಗೆ ಅವನು 1978ರಲ್ಲಿ ತಯಾರಾದ ಒಂದು ಹಳೆಯ ಹಾಯಿದೋಣಿಯನ್ನು ಕೊಂಡಿದ್ದಾನೆ. ಕ್ಯಾಟಲೀನಾ 27 ಎಂಬುದು ಅದರ ಹೆಸರು. 1971ರಿಂದ 1991ರವರೆಗೆ ಈ ಮಾದರಿಯ ಆರು ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾದವು. ಉದ್ದ ಸುಮಾರು 27 ಅಡಿ, ತೂಕ ಸುಮಾರು ಮೂರು ಟನ್. "ಮಾಷ್ಟ್ರೇ, ಮೊದಲು ಬಣ್ಣ ಹೊಡೆಸಲೋ, ಹೊಸ ಹಾಯಿ ತರಲೋ?" ಎಂದು ಅವನು ಕೇಳಿದ್ದಾನೆ. ನಿಮ್ಮಲ್ಲಿ ಇನ್ನೂ ಒಂದಿಬ್ಬರಿಗೆ ಇದೇ ಹವ್ಯಾಸವಿರುವುದು ನನಗೆ ಗೊತ್ತಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಎರಡೂ ಬೇಡ. ಮೊದಲು ದೋಣಿಯ ತಳವನ್ನು ನೋಡು. ಆಮೇಲೆ ಅದನ್ನು ಕಟ್ಟಿರುವ ಹಗ್ಗವನ್ನು ನೋಡು.

ಗಂಗೊಳ್ಳಿಯ ಕಡಲ ಗಾಳಿಯಲ್ಲಿ ಬೆಳೆದವನಿಗೆ ದೋಣಿಯ ವಿಷಯದಲ್ಲಿ ಎರಡು ಮಾತನಾಡುವ ಚಪಲವಿರುವುದು ಸಹಜ. ಅದಲ್ಲದೆ, ಮಗಳ ಮನೆಗೆಂದು ಹೋಗಿ ಅದೇ ಅಲಮೀಡಾದಲ್ಲಿ ಎರಡು ಬಾರಿ ಆರಾರು ತಿಂಗಳು ಕಳೆದಾಗ, ಬೆಳಗಿನ ವಾಯುವಿಹಾರಕ್ಕೆ ನಾನು ಆರಿಸಿಕೊಂಡದ್ದು ಹಾಯಿದೋಣಿಗಳು ಸಾಲಾಗಿ ನಿಂತಿರುವ ಧಕ್ಕೆಗಳನ್ನೇ. ಅಲ್ಲಿನ ವೃದ್ಧ ದೋಣಿಗಾರರು ಮಾತಿಗೆ ಸಿಕ್ಕರೆ ಬಿಡುವವರಲ್ಲ, ನಾನೂ ಅಷ್ಟೆ. ಅವರಿಂದ ಕೇಳಿದ್ದನ್ನು, ಕಣ್ಣಾರೆ ಕಂಡದ್ದನ್ನು ನನಗೆ ತಿಳಿದ ಭೌತಶಾಸ್ತ್ರದೊಡನೆ ಕೂಡಿಸಿ ನೋಡಿ ಈ ಅಭಿಪ್ರಾಯಕ್ಕೆ ಬಂದಿದ್ದೇನೆ.

ನಮ್ಮ ಕರಾವಳಿಯಲ್ಲಿ ದೋಣಿ ಕಟ್ಟುವ ಸ್ಥಳಕ್ಕೆ 'ಧಕ್ಕೆ' ಎನ್ನುತ್ತೇವೆ. ಪೆಟ್ಟಿಗೂ ಹಾನಿಗೂ ಅದೇ ಪದ. ಹಳೆಯ ದೋಣಿಗಳ ಮಟ್ಟಿಗೆ ಈ ಎರಡು ಅರ್ಥಗಳು ಒಂದೇ ಕಡೆ ಸೇರುತ್ತವೆ. ಜನರು ದೋಣಿ ಮುಳುಗುವುದೆಂದರೆ ನಡುಗಡಲಿನ ಬಿರುಗಾಳಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಆದರೆ ಅಮೆರಿಕದ ದೋಣಿ ಮಾಲೀಕರ ಸಂಸ್ಥೆಯಾದ ಬೋಟ್‌ಯುಎಸ್ ತನ್ನ ವಿಮಾ ದಾಖಲೆಗಳನ್ನು ಪರಿಶೀಲಿಸಿ ಹೇಳಿದ್ದೇ ಬೇರೆ: ಸಂಚರಿಸುವಾಗ ಒಂದು ದೋಣಿ ಮುಳುಗಿದರೆ, ಕಟ್ಟಿದ ಸ್ಥಳದಲ್ಲಿಯೇ ನಾಲ್ಕು ಮುಳುಗುತ್ತವೆ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ವರ್ಷಕ್ಕೆ ಮೂವತ್ತು ದಿನ, ದಿನಕ್ಕೆ ಐದು ಗಂಟೆ ದೋಣಿ ನಡೆಸಿದರೂ ಆದದ್ದು 150 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ನೂರರಲ್ಲಿ ತೊಂಬತ್ತೆಂಟು ಪಾಲು ಸಮಯ ದೋಣಿ ಕಟ್ಟಿದ ಸ್ಥಿತಿಯಲ್ಲಿಯೇ, ಯಾರ ಕಣ್ಣೂ ಇಲ್ಲದೆ, ಉಪ್ಪುನೀರಿನಲ್ಲಿ ಕಾಲ ಕಳೆಯುತ್ತದೆ.

ಆದ್ದರಿಂದ ಹಣವಿರಲಿ, ಶ್ರಮವಿರಲಿ, ಖರ್ಚಿನ ಕ್ರಮ ಹೀಗಿರಬೇಕೆಂಬುದು ನನ್ನ ವಾದ: ಮೊದಲು ದೋಣಿ ತೇಲಬೇಕು, ಎರಡನೆಯದಾಗಿ ಕಟ್ಟಿದಲ್ಲಿ ನಿಲ್ಲಬೇಕು, ಮೂರನೆಯದಾಗಿ ಸಾಗಬೇಕು, ಕೊನೆಯಲ್ಲಿ ಹೊಳೆಯಬೇಕು. ಬಹುಪಾಲು ಜನರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. 'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿರಬೇಕು.

ತೇಲುವ ವಿಚಾರವನ್ನು ಮೊದಲು ನೋಡೋಣ. ಹಾಯಿದೋಣಿಯ ತಳದಲ್ಲಿ ಯಂತ್ರಕ್ಕೆ ತಣ್ಣೀರು ಎಳೆಯಲು, ಶೌಚಾಲಯಕ್ಕೆ, ಪಾತ್ರೆ ತೊಳೆದ ನೀರು ಹೊರಹೋಗಲು ಹಲವು ರಂಧ್ರಗಳಿರುತ್ತವೆ. ಅವುಗಳಿಗೆ ವಾಲ್ವ್ ಮತ್ತು ರಬ್ಬರ್ ಕೊಳವೆಗಳಿರುತ್ತವೆ. ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ 4 ಸೆಂಟಿಮೀಟರ್ ವ್ಯಾಸದ ಒಂದು ಕೊಳವೆ ಕಳಚಿತೆಂದು ಭಾವಿಸಿ. ಟಾರಿಚೆಲ್ಲಿಯ ಸೂತ್ರದಂತೆ ನೀರು ಸೆಕೆಂಡಿಗೆ ಮೂರೂವರೆ ಮೀಟರ್ ವೇಗದಲ್ಲಿ ಒಳನುಗ್ಗುತ್ತದೆ. ರಂಧ್ರದ ಬಾಯಲ್ಲಿ ಧಾರೆ ಸಂಕುಚಿಸುವುದನ್ನು ಕಳೆದರೂ ಸೆಕೆಂಡಿಗೆ ಎರಡೂವರೆ ಲೀಟರು, ಅಂದರೆ ಆರು ಸೆಕೆಂಡಿಗೊಂದು ಬಕೆಟ್ಟು. ದೋಣಿಯೊಳಗಿನ ಸಣ್ಣ ಪಂಪಿಗೆ ಇದನ್ನು ಎದುರಿಸುವ ಶಕ್ತಿಯಿಲ್ಲ. ಬ್ಯಾಟರಿ ಮುಗಿದರೆ ಆ ಆಸರೆಯೂ ಇಲ್ಲ.

ಹಳೆಯ ದೋಣಿಗಳಲ್ಲಿ ಎಷ್ಟೋ ಕಡೆ ಮನೆಯ ನಲ್ಲಿಗೆ ಹಾಕುವಂಥ ಹಿತ್ತಾಳೆಯ ವಾಲ್ವ್‌ಗಳು ಇಂದಿಗೂ ಉಳಿದಿವೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹವೆಂದು ನಿಮಗೆ ಕಲಿಸಿದ್ದೇನೆ. ಉಪ್ಪುನೀರಿನಲ್ಲಿ ಅದರೊಳಗಿನ ಸತು ಮೆಲ್ಲಮೆಲ್ಲನೆ ಕರಗಿಹೋಗಿ, ಗುಲಾಬಿ ಬಣ್ಣದ ಪೊಳ್ಳು ತಾಮ್ರ ಮಾತ್ರ ಉಳಿಯುತ್ತದೆ. ನೋಟಕ್ಕೆ ವಾಲ್ವ್, ಮುಟ್ಟಿದರೆ ಬಿಸ್ಕತ್ತು. ನಾನು ನಡೆದಾಡುತ್ತಿದ್ದ ಧಕ್ಕೆಯಲ್ಲಿ ಒಬ್ಬ ಹಿರಿಯರು ತಮ್ಮ ದೋಣಿಗೆ ಹೊಸ ಹಾಯಿಯನ್ನೂ ದಾರಿ ತೋರುವ ಉಪಕರಣವನ್ನೂ ಹಾಕಿಸಿ ಸಂಭ್ರಮಪಟ್ಟಿದ್ದರು. ಒಂದು ಮುಂಜಾನೆ ನೋಡಿದರೆ ದೋಣಿ ಕಟ್ಟಿದಲ್ಲಿಯೇ ಮುಳುಗಿ, ಹಾಯಿಕಂಬವೊಂದೇ ನೀರಿನ ಮೇಲೆ ನಿಂತಿತ್ತು. ಹಿಂದಿನ ರಾತ್ರಿ ಗಾಳಿಯೂ ಇರಲಿಲ್ಲ, ಅಲೆಯೂ ಇರಲಿಲ್ಲ. ಮೇಲೆತ್ತಿ ನೋಡಿದಾಗ ಸಿಕ್ಕಿದ್ದು ಮುರಿದುಬಿದ್ದ ಅಂಗೈಯಗಲದ ಒಂದು ಹಿತ್ತಾಳೆಯ ವಾಲ್ವ್. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ.

ಹಾಗಾಗಿ, ತಳದ ವಾಲ್ವ್‌ಗಳು ಕಡಲಿಗೆಂದೇ ಮಾಡಿದ ಕಂಚಿನವಾಗಿರಲಿ. ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ತೆರೆದು ಮುಚ್ಚಿ. ಬಳಸದ ವಾಲ್ವ್ ಬಿಗಿದುಕೊಂಡು, ಬೇಕಾದಾಗ ತಿರುಗುವುದಿಲ್ಲ. ಕೊಳವೆಗೆ ಎರಡೆರಡು ಕ್ಲಿಪ್ ಇರಲಿ. ರಂಧ್ರದ ಅಳತೆಯ ಮರದ ಬೆಣೆಯೊಂದನ್ನು ಪ್ರತಿ ವಾಲ್ವ್‌ನ ಪಕ್ಕದಲ್ಲಿ ದಾರದಿಂದ ಕಟ್ಟಿಡಿ. ನೀರಿನಡಿಯ ಲೋಹಗಳನ್ನು ಕಾಯಲು ಕಟ್ಟುವ ಸತುವಿನ ತುಂಡು ಅರ್ಧ ಸವೆದೊಡನೆ ಬದಲಾಯಿಸಿ. ಮನೆಗೆ ಹೊರಡುವಾಗ ವಾಲ್ವ್‌ಗಳನ್ನು ಮುಚ್ಚಿ ಹೊರಡಿ. ಅಡುಗೆಯ ಅನಿಲವನ್ನು ಮುಚ್ಚಿ ಮಲಗುವಷ್ಟೇ ಸಹಜವಾದ ಅಭ್ಯಾಸ ಇದಾಗಬೇಕು. ದೋಣಿಗಾರ ಕೂರುವ ಜಾಗದ ಮಳೆನೀರು ಹೊರಹೋಗುವ ವಾಲ್ವ್ ಇದ್ದರೆ ಅದೊಂದು ಮಾತ್ರ ತೆರೆದಿರಲಿ.

ಇನ್ನು ಕಟ್ಟುವ ಹಗ್ಗ. ನಮ್ಮ ಹಿರಿಯರು ತೆಂಗಿನ ನಾರಿನ ಹಗ್ಗ ಬಳಸುತ್ತಿದ್ದರು. ಅದು ಬಲದಲ್ಲಿ ಕಡಿಮೆಯಾದರೂ ಎಳೆದಾಗ ಚೆನ್ನಾಗಿ ಹಿಗ್ಗುತ್ತದೆ, ನೀರಿನಲ್ಲಿ ತೇಲುತ್ತದೆ. ಕಟ್ಟುವ ಹಗ್ಗಕ್ಕೆ ಬಲದಷ್ಟೇ ಮುಖ್ಯವಾದದ್ದು ಈ ಹಿಗ್ಗುವ ಗುಣ. ಇಂದು ಅದೇ ಕೆಲಸವನ್ನು ಹೆಚ್ಚು ಬಲದೊಡನೆ ಮಾಡುವುದು ನೈಲಾನ್. 1935ರಲ್ಲಿ ಡುಪಾಂಟ್ ಸಂಸ್ಥೆಯ ವಾಲೇಸ್ ಕ್ಯಾರೋದರ್ಸ್ ಸಂಶ್ಲೇಷಿಸಿದ ವಸ್ತು. ಹಾಯಿ ಎಳೆಯಲು ಬಳಸುವ ಪಾಲಿಯೆಸ್ಟರ್ ಹಗ್ಗ ಅಷ್ಟು ಹಿಗ್ಗುವುದಿಲ್ಲ. ಹಳೆಯ ಹಾಯಿಹಗ್ಗವನ್ನೇ ದೋಣಿ ಕಟ್ಟಲು ಬಳಸುವ ಮಿತವ್ಯಯವನ್ನು ನಾನು ಅಲ್ಲಿ ಬೇಕಾದಷ್ಟು ಕಂಡೆ. ಅದು ಮಿತವ್ಯಯವಲ್ಲ, ಪ್ರತಿ ಅಲೆಯ ಸೆಳೆತವೂ ನೇರವಾಗಿ ದೋಣಿಯ ಮೈಗೆ ತಟ್ಟುತ್ತದೆ. ದೋಣಿಯ ಪ್ರತಿ ಒಂಬತ್ತು ಅಡಿಗೆ ಎಂಟನೆಯ ಒಂದು ಇಂಚು ದಪ್ಪದ ಹಗ್ಗ ಎಂಬುದು ರೂಢಿಯ ಲೆಕ್ಕ. 27 ಅಡಿಗೆ ಸುಮಾರು 10 ಮಿಲಿಮೀಟರ್ ಆಯಿತು. ಸವೆತಕ್ಕೆಂದು 12 ಮಿಲಿಮೀಟರ್ ಹಾಕಬಹುದು. ಅದಕ್ಕೂ ದಪ್ಪ ಬೇಡ, ಅತಿ ದಪ್ಪ ಹಗ್ಗ ಹಿಗ್ಗುವುದಿಲ್ಲ.

ಮುಂದೊಂದು, ಹಿಂದೊಂದು ಹಗ್ಗ ಕಟ್ಟಿದರೆ ಸಾಲದು. ಮುಂಭಾಗದಿಂದ ಹಿಂದಕ್ಕೆ, ಹಿಂಭಾಗದಿಂದ ಮುಂದಕ್ಕೆ ಓರೆಯಾಗಿ ಸಾಗುವ ಎರಡು ಹಗ್ಗಗಳು ಬೇಕು. ಇವನ್ನು ಸ್ಪ್ರಿಂಗ್ ಹಗ್ಗಗಳೆನ್ನುತ್ತಾರೆ. ದೋಣಿ ಹಿಂದೆಮುಂದೆ ಓಲಾಡದಂತೆ ತಡೆಯುವುದು ಇವೇ. ಗೋಲ್ಡನ್ ಗೇಟ್ ಬಳಿ ಉಬ್ಬರವಿಳಿತದ ಅಂತರ ಸುಮಾರು ಆರು ಅಡಿ. ನೀರಿನೊಡನೆ ಏರಿಳಿಯುವ ತೇಲುಧಕ್ಕೆಯಾದರೆ ಚಿಂತೆಯಿಲ್ಲ. ಸ್ಥಿರವಾದ ಕಂಬಕ್ಕೆ ಕಟ್ಟುವವರು ಇಳಿತದ ಲೆಕ್ಕ ಹಾಕಿಯೇ ಹಗ್ಗದ ಉದ್ದವನ್ನು ನಿರ್ಧರಿಸಬೇಕು. ಹಗ್ಗ ಅಂಚಿಗೆ ಉಜ್ಜುವಲ್ಲಿ ಪಾಲಿಯೆಸ್ಟರ್ ಬಟ್ಟೆಯ ಕವಚವನ್ನೋ ಚರ್ಮವನ್ನೋ ಸುತ್ತಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ಒಳ್ಳೆಯದಲ್ಲ. ಬಿರುಗಾಳಿಯಲ್ಲಿ ಹಿಗ್ಗಿ ಕುಗ್ಗುವ ನೈಲಾನ್ ಬಿಸಿಯಾಗುತ್ತದೆ. ಪೈಪಿನೊಳಗೆ ಮಳೆನೀರು ತಾಗಿ ತಣಿಯಲು ಅವಕಾಶವಿಲ್ಲದೆ ಎಳೆಗಳು ಕರಗಿ ಹಗ್ಗ ತುಂಡಾಗುತ್ತದೆ.

ಹಗ್ಗ ಎಷ್ಟೇ ಗಟ್ಟಿಯಿರಲಿ, ಅದನ್ನು ಸುತ್ತುವ ಎರಡು ಕೊಂಬಿನ ಲೋಹದ ಗೂಟ, ಅಂದರೆ ಕ್ಲೀಟ್, ಅಲುಗಾಡಿದರೆ ಏನು ಪ್ರಯೋಜನ? ಆ ಕಾಲದ ಎಷ್ಟೋ ದೋಣಿಗಳ ಮೇಲ್ಮೈ ಫೈಬರ್ ಗ್ಲಾಸಿನ ಎರಡು ಪದರಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಟ್ಟು ಮಾಡಿದ್ದು. ಬೋಲ್ಟಿನ ರಂಧ್ರದಿಂದ ನೀರು ಒಳಗಿಳಿದು ನಡುವಿನ ಮರ ಕೊಳೆಯುತ್ತದೆ; ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಹಲಸಿನ ಹಣ್ಣನ್ನು ಬಡಿದು ನೋಡುವ ನಮ್ಮವರಿಗೆ ಇದರ ಪರೀಕ್ಷೆಯನ್ನು ಕಲಿಸಬೇಕಾಗಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಟಣ್ ಎಂಬ ಸದ್ದು 'ದೊಬ್' ಎಂದಾದ ಕಡೆ ಒಳಗೆ ಕೊಳೆತಿದೆ. ಅಲ್ಲಿನ ಕೊಳೆತ ಮರವನ್ನು ತೆಗೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಹೊಸ ರಂಧ್ರ ಕೊರೆದು, ಕೆಳಗಿನಿಂದ ಅಗಲವಾದ ಲೋಹದ ತಟ್ಟೆಯನ್ನು ಕೊಟ್ಟು ಬೋಲ್ಟು ಬಿಗಿಯಬೇಕು. ಬರಿಯ ಸಣ್ಣ ವಾಶರಿನ ಮೇಲೆ ನಿಂತ ಕ್ಲೀಟ್ ಬಿರುಗಾಳಿಯ ದಿನ ಬೇರುಸಹಿತ ಕಿತ್ತುಬರುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತು. ದೋಣಿ ಮಾತ್ರ ಹಳೆಯದಲ್ಲ, ಅದನ್ನು ನಡೆಸುವ ನಾವೂ ಹಳಬರಾಗಿದ್ದೇವೆ. ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಆ ಹೊತ್ತಿನಲ್ಲಿ ಗಂಡ ಚುಕ್ಕಾಣಿ ಹಿಡಿದು, ಹೆಂಡತಿಯನ್ನು ಮುಂಭಾಗದಲ್ಲಿ ನಿಲ್ಲಿಸಿ "ಹಾರು, ಹಾರು" ಎಂದು ಕೂಗುವ ದೃಶ್ಯವನ್ನು ನಾನು ಎಷ್ಟು ಬಾರಿ ಕಂಡಿದ್ದೇನೋ ಲೆಕ್ಕವಿಲ್ಲ. ಅರವತ್ತರ ಮಂಡಿ ಹಾರುವ ಮಂಡಿಯಲ್ಲ. ಇನ್ನು ಕೆಲವರು ಬರುವ ದೋಣಿಯನ್ನು ಕಾಲು ಚಾಚಿ ತಡೆಯುತ್ತಾರೆ. ಲೆಕ್ಕ ಮಾಡಿ: 3,000 ಕಿಲೋಗ್ರಾಂ ದೋಣಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಅಂದರೆ ನಾವು ನಡೆಯುವುದಕ್ಕಿಂತಲೂ ನಿಧಾನವಾಗಿ ಬರುತ್ತಿದೆ. ಅದರ ಚಲನಶಕ್ತಿ 375 ಜೂಲ್. ಹತ್ತು ಸೆಂಟಿಮೀಟರಿನಲ್ಲಿ ಅದನ್ನು ನಿಲ್ಲಿಸಲು ಸುಮಾರು 380 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೇಕು. ಅದು ಮೂಳೆಯನ್ನು ಪುಡಿಮಾಡುವ ಬಲ. ಅದೇ ದೋಣಿಯನ್ನು ಹಗ್ಗ ಒಂದು ಮೀಟರಿನಷ್ಟು ದೂರದಲ್ಲಿ ನಿಧಾನವಾಗಿ ತಡೆದರೆ 38 ಕಿಲೋಗ್ರಾಂ ಸಾಕು. ಹಗ್ಗಕ್ಕೆ ಕೊಡುವ ಹಣದ ಅರ್ಥ ಇಷ್ಟೇ: ಆ ಪೆಟ್ಟನ್ನು ನಿಮ್ಮ ಕಾಲಿನ ಬದಲು ಹಗ್ಗ ತಾಳುತ್ತದೆ.

ಮಾಡಬೇಕಾದದ್ದು ಸರಳ. ದೋಣಿಯ ನಡುವಿನ ಕ್ಲೀಟಿನಿಂದ ಒಂದು ಹಗ್ಗವನ್ನು ಮೊದಲೇ ಸಿದ್ಧವಾಗಿಟ್ಟು, ಧಕ್ಕೆಯ ಹಿಂಬದಿಯ ಕ್ಲೀಟಿಗೆ ದೋಣಿಯಿಂದಲೇ ಕೊಕ್ಕೆಕೋಲಿನ ಸಹಾಯದಿಂದ ಅದರ ಕುಣಿಕೆಯನ್ನು ಹಾಕಿ. ಯಂತ್ರವನ್ನು ನಿಧಾನವಾಗಿ ಮುಂದಕ್ಕೆ ಚಲಾಯಿಸಿ, ದೋಣಿಯನ್ನು ಧಕ್ಕೆಯಿಂದ ಆಚೆಗೆ ತಿರುಗಿಸುವಂತೆ ಚುಕ್ಕಾಣಿ ಹಿಡಿದರೆ ದೋಣಿ ತಾನಾಗಿ ಧಕ್ಕೆಗೆ ಒರಗಿ ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ಆಮೇಲೆ ಸಾವಧಾನವಾಗಿ ಕಟ್ಟಬಹುದು; ಯಾರೂ ಹಾರಬೇಕಾಗಿಲ್ಲ. ಮಲ್ಪೆಯ ದೋಣಿಗಳು ಪಕ್ಕಕ್ಕೆ ಹಳೆಯ ಟೈರು ತೂಗುಹಾಕಿಕೊಳ್ಳುವಂತೆ, ಗಾಳಿ ತುಂಬಿದ ಫೆಂಡರ್‌ಗಳನ್ನು ತೂಗುಹಾಕಿ. 27 ಅಡಿಯ ದೋಣಿಗೆ ಆರು ಇಂಚು ವ್ಯಾಸದ ಮೂರಾದರೂ ಬೇಕು.

ಬೆಂಕಿಯ ಮಾತನ್ನೂ ಹೇಳಿಬಿಡುತ್ತೇನೆ. 2023ರ ನವೆಂಬರಿನಲ್ಲಿ ನಮ್ಮ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಮೀನುಗಾರಿಕಾ ದೋಣಿಗಳು ಬೆಂಕಿಗೆ ಆಹುತಿಯಾದದ್ದು ನಿಮಗೆ ನೆನಪಿರಬಹುದು. ನಿಂತ ದೋಣಿಗೆ ನೀರಿನಷ್ಟೇ ಬೆಂಕಿಯ ಭಯವೂ ಇದೆ. ಅಮೆರಿಕದ ಧಕ್ಕೆಗಳಲ್ಲಿ ದಡದಿಂದ ದೋಣಿಗೆ ವಿದ್ಯುತ್ ತರುವ ದಪ್ಪ ಕೇಬಲಿನ ಪ್ಲಗ್ಗು ಕಿಲುಬುಗಟ್ಟಿ ಬಿಸಿಯಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ ಉಜ್ಜಿ ಬಳಸುವ ಗೋಜಿಗೆ ಹೋಗದೆ ಹೊಸದನ್ನು ತನ್ನಿ. ಅದು ಕೂರುವ ದೋಣಿಯ ಕಡೆಯ ಸಾಕೆಟ್ಟನ್ನೂ ಬದಲಾಯಿಸಿ.

"ಇಷ್ಟು ಅಗ್ಗಕ್ಕೆ ಸಿಕ್ಕಿದ ದೋಣಿಗೆ ಇಷ್ಟೆಲ್ಲ ಏಕೆ, ಹಾಳಾದರೆ ಬಿಟ್ಟರಾಯಿತು" ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ. ನಮ್ಮ ಮರದ ದೋಣಿ ಹಳತಾದರೆ ಮಣ್ಣಿಗೆ ಮಣ್ಣಾಗುತ್ತಿತ್ತು. ಫೈಬರ್ ಗ್ಲಾಸಿಗೆ ಆ ಸದ್ಗತಿಯಿಲ್ಲ. ಬೇಡವಾದ ಹಳೆಯ ದೋಣಿಗಳನ್ನು ಸ್ವೀಕರಿಸಿ ವಿಲೇವಾರಿ ಮಾಡಲು ಕ್ಯಾಲಿಫೋರ್ನಿಯಾ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಹಣ ಕೊಡಬೇಕಾಗಿ ಬಂದಿದೆ. ಬಿಟ್ಟುಹೋದ ದೋಣಿ ಊರಿನ ತಲೆಗೆ ಬರುತ್ತದೆ, ಅದರ ಡೀಸೆಲ್ ಮೀನಿನ ಬಾಯಿಗೆ ಹೋಗುತ್ತದೆ. ಅಗ್ಗಕ್ಕೆ ಕೊಂಡ ಮಾತ್ರಕ್ಕೆ ಹೊಣೆ ಅಗ್ಗವಾಗುವುದಿಲ್ಲ.

ಹಾಯಿಕಂಬದ ತಂತಿಗಳು, ಹಾಯಿ, ಬಣ್ಣ ಇವೆಲ್ಲ ಬೇಡವೆಂದಲ್ಲ. ಅವುಗಳ ಸರದಿ ಆಮೇಲೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ದೋಣಿಗಾರರು ಆ ಎರಡು ತಿಂಗಳನ್ನು ಬಲೆ, ಹಗ್ಗ, ಹಲಗೆಗಳ ದುರಸ್ತಿಗೆ ಮೀಸಲಿಡುತ್ತಾರೆ. ಅದು ಅವರ ಹೊಟ್ಟೆಪಾಡಾದ್ದರಿಂದ ಮರೆಯುವುದಿಲ್ಲ, ಹವ್ಯಾಸಿಗಳು ಮರೆಯುತ್ತಾರೆ. ತಿಂಗಳ ಮೊದಲ ಭಾನುವಾರ ಒಂದು ಗಂಟೆಯನ್ನು ಇದಕ್ಕೆಂದೇ ಇಡಿ: ವಾಲ್ವ್ ತಿರುಗಿಸಿ, ಹಗ್ಗವನ್ನು ಬೆರಳಿನಿಂದ ಸವರಿ, ಕ್ಲೀಟ್ ಅಲುಗಾಡಿಸಿ, ಪ್ಲಗ್ ಮುಟ್ಟಿ ನೋಡಿ. ಕಂಡದ್ದನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಿ. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಹಿಂದಿನ ರಾತ್ರಿ ಗೆಳೆಯನನ್ನು ನೋಡಿ ನಕಲು ಮಾಡುತ್ತಿದ್ದವರು ಈ ಪುಸ್ತಕವನ್ನಾದರೂ ತಾವೇ ಬರೆಯಲಿ.

ನಿಮ್ಮ ಕೈಕಾಲುಗಳೂ ದೋಣಿಗಳೂ ಸುರಕ್ಷಿತವಾಗಿರಲಿ. ಎಲ್ಲರಿಗೂ ಶುಭವಾಗಲಿ.