ಹಾಯಿದೋಣಿಯೂ ಗಣಿಯ ಮಕ್ಕಳೂ

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಿಂದಲೇ ಉರುಹೊಡೆದವರು. ಪ್ರಬಂಧ ಸ್ಪರ್ಧೆಗಳಲ್ಲಿ ಇದನ್ನು ಮೊದಲ ಸಾಲಾಗಿ ಬರೆದು ಬಹುಮಾನ ಪಡೆದವರೂ ನಮ್ಮ ನಡುವೆ ಇದ್ದಾರೆ. ಆದರೆ ಆ ಗಾದೆಯ ನಡುವೆ ಕುಳಿತಿರುವ ‘ಇಲ್ಲವೇ’ ಎಂಬ ಮಾತಿನ ಕಡೆಗೆ ಯಾರ ಗಮನವೂ ಹೋದಂತಿಲ್ಲ. ಉಳ್ಳವರ ಮಕ್ಕಳು ದೇಶ ಸುತ್ತಲಿ, ಇಲ್ಲದವರ ಮಕ್ಕಳು ಕೋಶ ಓದಲಿ ಎಂದು ಕಾಲಕ್ರಮದಲ್ಲಿ ನಾವೇ ಅದಕ್ಕೆ ಅರ್ಥ ಮಾಡಿಕೊಂಡಿದ್ದೇವೆ. ಈ ಹಂಚಿಕೆ ನ್ಯಾಯವೇ ಎಂಬುದು ನನ್ನ ಪ್ರಶ್ನೆ. ಅದನ್ನು ಕೇಳಲು ನಮ್ಮೂರಿಗೆ ಬಹು ದೂರವೆಂದು ತೋರುವ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ: ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಪರದೇಶಗಳನ್ನು ನೋಡಿಬರುವ ಬಾಳು.

ಮಾರಿಕುಪ್ಪಂ ಹುಡುಗಿಗೆ ಸಮುದ್ರದ ಗೊಡವೆ ಏಕೆ ಎಂದು ವಾಚಕರು ನಗಬಹುದು. ನಮ್ಮ ಜಿಲ್ಲೆಯಲ್ಲಿ ಸಮುದ್ರವಿರಲಿ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಬಂಗಾರಪೇಟೆಯಿಂದ ಬಂದ ರೈಲುಹಳಿ ನಮ್ಮೂರಿನಲ್ಲಿ ಮುಗಿದುಹೋಗುತ್ತದೆ. ಅದರಾಚೆ ನಮಗೆ ಕಾಣುವುದು ಗಣಿಯ ಮಣ್ಣಿನ ದಿಬ್ಬಗಳು ಮಾತ್ರ. ಆದರೂ ಬೇತಮಂಗಲದ ಕೆರೆಗೆ ನೀರೂಡುವ ಪಾಲಾರ್ ನದಿ ತಮಿಳುನಾಡನ್ನು ಹಾದು ಕೊನೆಗೆ ಬಂಗಾಳ ಕೊಲ್ಲಿಯನ್ನೇ ಸೇರುತ್ತದೆ ಎಂಬುದನ್ನು ಭೂಗೋಳದಲ್ಲಿ ಓದಿದ್ದೇವೆ. ಒಣಗಿದ ಹೊಳೆಗೇ ಸಮುದ್ರದ ದಾರಿ ತಿಳಿದಿರುವಾಗ ನಾವು ಅದರ ಮಾತೆತ್ತುವುದರಲ್ಲಿ ತಪ್ಪೇನು?

ಹಾಯಿದೋಣಿಯ ಬಾಳು ಹೇಗಿರುತ್ತದೆಂಬುದನ್ನು ಮೊದಲು ನೋಡೋಣ. ವಿಮಾನದಲ್ಲಿ ಹೋಗುವವನು ಪ್ರಯಾಣಿಕ. ಕುಳಿತಲ್ಲಿಗೆ ಊಟ ಬರುತ್ತದೆ, ನಿದ್ರೆ ತಿಳಿದೇಳುವುದರೊಳಗೆ ಊರು ಬರುತ್ತದೆ. ಹಾಯಿದೋಣಿಯಲ್ಲಿರುವವನಾದರೋ ಅಡಿಗೆಯವನೂ ಅವನೇ, ಚುಕ್ಕಾಣಿಗಾರನೂ ಅವನೇ, ಹರಿದ ಹಾಯಿ ಹೊಲಿಯುವ ದರ್ಜಿಯೂ ಅವನೇ. ಹಗಲಿರುಳೂ ಒಬ್ಬರಾದರೂ ಎಚ್ಚರವಾಗಿದ್ದು ಗಾಳಿಯನ್ನೂ ಎದುರು ಬರುವ ಹಡಗುಗಳನ್ನೂ ನೋಡಿಕೊಳ್ಳಬೇಕು. ಆದುದರಿಂದ ನಿದ್ರೆಯೆಲ್ಲ ತುಂಡು ತುಂಡು. ಸುತ್ತಲೂ ನೀರಿದ್ದರೂ ಕುಡಿಯುವ ನೀರನ್ನು ಅಳೆದು ಬಳಸಬೇಕು. ನಮ್ಮೂರಿನ ತಾಯಂದಿರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ! ಪರದೇಶದ ರೇವಿಗೆ ಬಂದೊಡನೆ ಮನಬಂದಂತೆ ಇಳಿಯುವಂತೆಯೂ ಇಲ್ಲ. ಹಳದಿ ಬಾವುಟವೊಂದನ್ನು ಏರಿಸಿ, ಆ ದೇಶದ ಆರೋಗ್ಯಾಧಿಕಾರಿಗಳೂ ಸುಂಕದವರೂ ಒಪ್ಪಿಗೆ ಕೊಡುವವರೆಗೆ ಕಾದಿರಬೇಕು. ಯಾವ ತಿಂಗಳಲ್ಲಿ ಯಾವ ಗಾಳಿ ಬೀಸುತ್ತದೆ, ಎಲ್ಲಿ ಬಿರುಗಾಳಿಯ ಕಾಲ ಎಂಬುದನ್ನು ತಿಳಿದೇ ಹೊರಡಬೇಕು. ಭೂಗೋಳ, ಖಗೋಳ, ಗಣಿತ, ವೈದ್ಯ, ಬಡಗಿತನ ಎಲ್ಲವನ್ನೂ ಒಟ್ಟಿಗೆ ಕಲಿಸುವ ಇಂತಹ ಪಾಠಶಾಲೆ ಮತ್ತೊಂದಿರಲಾರದು.

ಈ ಪಾಠಶಾಲೆ ಕನ್ನಡನಾಡಿಗೆ ಹೊಸದಲ್ಲ. ಭಟ್ಕಳ, ಹೊನ್ನಾವರ, ಬಾರಕೂರು, ಮಂಗಳೂರು ಹಾಯಿಹಡಗುಗಳ ಕಾಲದಲ್ಲಿ ಹೆಸರಾದ ರೇವುಗಳು. ಮುಂಗಾರು ಹಿಂಗಾರಿನ ಗಾಳಿಗಳನ್ನು ನೋಡಿಕೊಂಡು ಅರಬ್ಬೀ ದೇಶದ ಹಡಗುಗಳು ಇಲ್ಲಿಗೆ ಬಂದು ಹೋಗುತ್ತಿದ್ದವು. 14ನೆಯ ಶತಮಾನದಲ್ಲಿ ಹಾಗೆ ಬಂದ ಇಬ್ನ್ ಬತೂತ ಎಂಬ ಯಾತ್ರಿಕ, ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದುವೆಂದು ಬರೆದಿಟ್ಟಿದ್ದಾನೆ. ಸಮುದ್ರದ ಕಡೆಗೆ ಬಾಗಿಲು ತೆರೆದಿಟ್ಟ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳು ಅಷ್ಟೊಂದಿದ್ದುದು ನನಗೆ ಬಹು ಸೋಜಿಗವೆನಿಸಿತು.

ಆ ಬಾಗಿಲು ಈಗ ಮತ್ತೆ ತೆರೆಯುತ್ತಿದೆ. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾದಳಕ್ಕೆ ಸೇರಿತು. ಅಜಂತಾ ಗುಹೆಯ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಇದನ್ನು ಗೋವೆಯಲ್ಲಿ ಕಟ್ಟಿದರು. ಹೊಲಿದವರು ಕೇರಳದ ಕುಶಲಕರ್ಮಿಗಳು. ಇದರ ಹಾಯಿಯ ಮೇಲೆ ನಮ್ಮ ರಾಜ್ಯದ ಲಾಂಛನವಾದ ಗಂಡಭೇರುಂಡದ ಚಿತ್ರವಿದೆ. 2025ರ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು, ಗಾಳಿಯ ಬಲದಿಂದಲೇ ಅರಬ್ಬೀ ಸಮುದ್ರವನ್ನು ದಾಟಿ, 2026ರ ಜನವರಿ 14ರಂದು ಅದು ಒಮಾನಿನ ಮಸ್ಕತ್ತನ್ನು ಮುಟ್ಟಿತು.

ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ‘ತಾರಿಣಿ’ ಎಂಬ ದೋಣಿ. ಅದರ ಉದ್ದ ಸುಮಾರು 17 ಮೀಟರ್. ನಮ್ಮ ಲೈನು ಮನೆಗಳ ನಾಲ್ಕಾರು ಬಾಗಿಲಿನಷ್ಟು. ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನೇತೃತ್ವದಲ್ಲಿ 2017ರ ಸೆಪ್ಟೆಂಬರಿನಲ್ಲಿ ಇದನ್ನೇರಿ ಗೋವೆಯಿಂದ ಹೊರಟು, ಪ್ರಪಂಚವನ್ನು ಸುತ್ತಿ, 2018ರ ಮೇ ತಿಂಗಳಲ್ಲಿ ಮರಳಿದರು. ಅನಂತರ 2024ರ ಅಕ್ಟೋಬರ್ 2ರಂದು ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಹೊರಟರು. ಆಸ್ಟ್ರೇಲಿಯದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್‌ಟನ್, ಫಾಕ್ಲೆಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ರೇವುಗಳಲ್ಲಿ ತಂಗಿ, 25,000 ಕಡಲ ಮೈಲಿಗಳಿಗೂ ಹೆಚ್ಚು ದೂರ ಸಾಗಿ, 2025ರ ಮೇ 29ರಂದು ಗೋವೆಗೆ ಹಿಂತಿರುಗಿದರು. ದಾರಿಯಲ್ಲಿ ಅವರು ‘ನೆಮೊ ಬಿಂದು’ವನ್ನು ಹಾದುಹೋದರು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಅತಿ ಹತ್ತಿರದ ನೆಲ ಸುಮಾರು 2,688 ಕಿಲೋಮೀಟರ್ ದೂರ! ನೆನೆದರೆ ಮೈ ಜುಮ್ಮೆನ್ನುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಇದು ಹಣವಂತರ ಮೋಜು ಎಂಬುದು ಮೊದಲನೆಯದು. ಸ್ವಂತ ದೋಣಿ ಕೊಳ್ಳುವವರ ಮಟ್ಟಿಗೆ ಇದು ನಿಜವೇ. ಆದರೆ ತಾರಿಣಿಯಲ್ಲಿ ಹೋದವರು ದೋಣಿ ಕೊಂಡವರಲ್ಲ. ಅದು ಜನರ ತೆರಿಗೆಯ ಹಣದಿಂದಾದ ದೋಣಿ. 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿಬಂದವರೂ ನಮ್ಮ ಭೂಸೇನೆಯ ಎಂಜಿನಿಯರ್ ದಳದವರು. ಯೋಗ್ಯತೆಯನ್ನು ನೋಡಿ ಕಳುಹಿಸಿದರೇ ಹೊರತು ತಂದೆಯ ಆಸ್ತಿಯನ್ನು ನೋಡಿ ಅಲ್ಲ. ಸರ್ಕಾರಿ ಕಾಲೇಜು ಇಲ್ಲದಿದ್ದರೆ ಬಿ.ಎ. ತರಗತಿಯೂ ಹಣವಂತರ ಮೋಜಾಗಿಯೇ ಉಳಿಯುತ್ತಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಎರಡನೆಯದು, ಪ್ರಾಣಾಪಾಯದ ಮಾತು. ಅಪಾಯ ಇದ್ದೇ ಇದೆ. 2013ರಲ್ಲಿ ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆಯನ್ನು ಮುಗಿಸಿದ ಅಭಿಲಾಷ್ ಟೋಮಿಯವರು 2018ರ ಪಂದ್ಯವೊಂದರಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡರು. ಅವರೇ 2022ರಲ್ಲಿ ಅದೇ ಪಂದ್ಯಕ್ಕೆ ಮತ್ತೆ ಇಳಿದು, 2023ರಲ್ಲಿ ಎರಡನೆಯ ಸ್ಥಾನವನ್ನು ಗಳಿಸಿದರು. ಆದರೆ ಅಪಾಯದ ಬುದ್ಧಿವಾದವನ್ನು ಗಣಿಯ ಊರಿನವರಿಗೆ ಹೇಳುವುದು ಹಾಸ್ಯಾಸ್ಪದವಲ್ಲವೇ? ಇಲ್ಲಿಯ ಚಾಂಪಿಯನ್ ರೀಫ್ ಗಣಿ ನೆಲದೊಳಕ್ಕೆ ಸುಮಾರು 3,200 ಮೀಟರ್ ಇಳಿದಿತ್ತು. ಉತ್ತರ ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರಿನಿಂದ ಬಂದ ನಮ್ಮ ಹಿರಿಯರು ಒಂದು ಶತಮಾನಕ್ಕೂ ಮೀರಿ ದಿನದಿನವೂ ಆ ಕತ್ತಲೆಗೆ ಇಳಿದು ಹತ್ತಿದರು. ಬಂಡೆ ಸಿಡಿದು ಸತ್ತವರುಂಟು, ಕಲ್ಲುಪುಡಿ ಕುಡಿದು ಕೆಮ್ಮಿ ಸತ್ತವರುಂಟು. ನನ್ನ ತಾತನೂ ಗಣಿಯಲ್ಲಿ ದುಡಿದವರೇ. ಅವರನ್ನು ಯಾರಾದರೂ ಸಾಹಸಿಗಳೆಂದು ಕರೆದರೇ? ಹಾರ ಹಾಕಿದರೇ? ಇಲ್ಲ. ಕೂಲಿಗಾರರೆಂದರು, ಅಷ್ಟೇ.

ಹಾಗಾದರೆ ದೋಣಿಯವರ ಅಪಾಯಕ್ಕೂ ಗಣಿಯವರ ಅಪಾಯಕ್ಕೂ ಭೇದವೇನು? ನನಗೆ ತೋರುವ ಉತ್ತರವಿದು: ಧೈರ್ಯದಲ್ಲಿ ಭೇದವಿಲ್ಲ, ಆಯ್ಕೆಯಲ್ಲಿದೆ. ದೋಣಿಯನ್ನೇರಿದವರು ತಾವಾಗಿ ಆರಿಸಿಕೊಂಡರು. ಗಣಿಗೆ ಇಳಿದವರನ್ನು ಹೊಟ್ಟೆ ಇಳಿಸಿತು. ಒಬ್ಬರು ತಮ್ಮ ಅರಿವಿಗಾಗಿ ಕಷ್ಟಪಟ್ಟರು. ಮತ್ತೊಬ್ಬರು ಬೇರೆಯವರ ಬಂಗಾರಕ್ಕಾಗಿ. ಬಡವನ ಮಗನಿಗೆ ಕಷ್ಟವನ್ನು ನಾವು ಎಂದೂ ತಪ್ಪಿಸಿಲ್ಲ. ತನ್ನ ಕಷ್ಟವನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು ಮಾತ್ರ ತಪ್ಪಿಸಿದ್ದೇವೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಲ್ಲಿಂದೀಚೆಗೆ ಕಷ್ಟದ ರೂಪ ಬದಲಾಯಿತೇ ಹೊರತು ಆಯ್ಕೆ ಬರಲಿಲ್ಲ. ನಮ್ಮ ತಂದೆ ನಸುಕಿನಲ್ಲಿ ಬೆಂಗಳೂರಿನ ರೈಲು ಹತ್ತಿ, ರಾತ್ರಿ ನಾವು ಉಂಡಮೇಲೆ ಮನೆಗೆ ಬರುತ್ತಾರೆ. ನನ್ನ ಓರಗೆಯ ಹುಡುಗರೆಲ್ಲರ ಮುಂದಿರುವುದು ಅದೇ ರೈಲು. ಹುಡುಗಿಯರ ಮುಂದೆ ರೈಲು, ತಪ್ಪಿದರೆ ಮದುವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತಾರೆ ಹಿರಿಯರು. ಅವರ ಅನುಭವಕ್ಕೆ ನನ್ನ ನಮಸ್ಕಾರ. ಆದರೆ ಚಿಕ್ಕ ಹಾಸಿಗೆಯನ್ನೇ ನೋಡುತ್ತ ಬೆಳೆದವರು ಕಾಲು ಚಾಚುವುದನ್ನೇ ಮರೆತುಬಿಡುತ್ತಾರೆ. ಆಮೇಲೆ ದೊಡ್ಡ ಹಾಸಿಗೆ ಕೊಟ್ಟರೂ ಮುದುಡಿಯೇ ಮಲಗುತ್ತಾರೆ.

ಮೂರನೆಯ ಆಕ್ಷೇಪಣೆ ಹೆಣ್ಣುಮಕ್ಕಳ ವಿಷಯ. ಸಂಜೆಯ ರೈಲು ತಡವಾದರೆ ಬೀದಿಯವರಿಗೆಲ್ಲ ಉತ್ತರ ಹೇಳಬೇಕಾದ ಊರು ನಮ್ಮದು. ಇಬ್ಬರು ಹೆಂಗಸರು ಎಂಟು ತಿಂಗಳ ಕಾಲ ಕಡಲಿನಲ್ಲಿದ್ದು ಬಂದರೆಂದು ಹೇಳಿದಾಗ ನಮ್ಮ ತಾಯಿ ಕೇಳಿದ್ದು ಒಂದೇ ಮಾತು: “ಅವರ ಅಮ್ಮಂದಿರು ಹೇಗೆ ಒಪ್ಪಿದರಮ್ಮಾ?” ಈ ಪ್ರಶ್ನೆಗೆ ಯಾವ ವಾದದಿಂದಲೂ ಉತ್ತರ ಕೊಡಲಾಗದು. ಹೋದವರು ಕ್ಷೇಮವಾಗಿ ಮರಳಿ ಬರುವುದೊಂದೇ ಅದಕ್ಕೆ ಉತ್ತರ. ಅಂತಹವರು ಹೆಚ್ಚಿದಷ್ಟೂ ತಾಯಂದಿರ ಅಂಜಿಕೆ ಕಡಿಮೆಯಾದೀತು.

ಎಲ್ಲರೂ ಪುಸ್ತಕವನ್ನೆಸೆದು ಸಮುದ್ರಕ್ಕೆ ಹಾರಿರೆಂದು ನಾನು ಹೇಳುತ್ತಿಲ್ಲ. ಹೊಟ್ಟೆಗಿಲ್ಲದವನಿಗೆ ಭೂಪ್ರದಕ್ಷಿಣೆಯ ಉಪದೇಶ ಮಾಡುವುದು ಕ್ರೌರ್ಯ. ಮೊದಲು ಅನ್ನ, ಆಮೇಲೆ ಮಿಕ್ಕದ್ದು. ಆದರೆ ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಎನ್.ಸಿ.ಸಿ.ಯಲ್ಲಿ ನೌಕಾ ವಿಭಾಗವೆಂಬುದೊಂದಿದೆ. ನಮ್ಮ ಮೇಷ್ಟ್ರುಗಳು ಅದನ್ನು ಕುರಿತು ತರಗತಿಗಳಲ್ಲಿ ತಿಳಿಸಿಕೊಡಬೇಕು. ನೌಕಾದಳಕ್ಕೆ ಪದವೀಧರರು ಸೇರುವ ಪರೀಕ್ಷೆಗಳ ವಿವರ ನಮ್ಮ ಪ್ರಕಟಣೆಯ ಹಲಗೆಯ ಮೇಲೆ ಬರಬೇಕು. ಬ್ಯಾಂಕಿನ ಪರೀಕ್ಷೆಗಳದು ಮಾತ್ರವೇ ಏಕೆ? ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನಿಕರು ಹಾಯಿದೋಣಿ ನಡೆಸುವುದನ್ನು ಕಲಿಯುತ್ತಾರೆ. ಕೆರೆಯ ನೀರಿನಲ್ಲಿ ಕಲಿತದ್ದು ಕಡಲಿಗೆ ಮೊದಲ ಪಾಠವಾಗುವುದಾದರೆ, ಬೇತಮಂಗಲದ ಕೆರೆಯಲ್ಲಿ ನೀರಿರುವ ತಿಂಗಳುಗಳಲ್ಲಾದರೂ ನಾಲ್ಕು ದೋಣಿಗಳನ್ನಿಟ್ಟು ಸುತ್ತಲಿನ ಸರ್ಕಾರಿ ಶಾಲಾ ಕಾಲೇಜುಗಳ ಮಕ್ಕಳಿಗೆ ಈಜನ್ನೂ ಹಾಯಿಯನ್ನೂ ಕಲಿಸಬಾರದೇಕೆ? ಜಿಲ್ಲೆಯ ಅಧಿಕಾರಿಗಳಿಗೆ ಹೀಗೊಂದು ಮನವಿಯನ್ನು ನಮ್ಮ ವಿದ್ಯಾರ್ಥಿ ಸಂಘದ ವತಿಯಿಂದ ಬರೆಯಬಹುದೆಂದು ನನ್ನ ಸೂಚನೆ. ಬರೆದರೆ ಮೊದಲ ಸಹಿ ನನ್ನದು.

ನಾನು ಈ ವರ್ಷ ಕಾಲೇಜನ್ನು ಬಿಟ್ಟುಹೋಗುವವಳು. ದೋಣಿ ಬರುವಷ್ಟರಲ್ಲಿ ಬಹುಶಃ ಬೆಳಗಿನ ರೈಲಿನಲ್ಲಿ ನಿಂತಿರುತ್ತೇನೆ. ಅದಕ್ಕಾಗಿ ದುಃಖವಿಲ್ಲ. ಮುಂದೆ ಬರುವ ತಂಗಿಯರೂ ತಮ್ಮಂದಿರೂ ರೈಲನ್ನೇ ಹತ್ತಲಿ, ದೋಣಿಯನ್ನೇ ಹತ್ತಲಿ, ಅದು ಅವರೇ ಆರಿಸಿಕೊಂಡದ್ದಾಗಿರಲಿ ಎಂಬುದೊಂದೇ ನನ್ನ ಆಸೆ.